ಹಾಳಾದ್ರೆ ಯಾರು ಉತ್ತರ ಕೊಡೋದು?

ಮೊನ್ನೆಯಿಂದ ಒಂದೇ ಮಾತು ತಲೆಯಲ್ಲಿ ಕೂತಿದೆ. ‘ಹಾಳಾದ್ರೆ ಯಾರು ಸರ್ ಉತ್ತರ ಕೊಡೋದು?’

ನಾವೊಂದಷ್ಟು ಹಳೆಯ ವಿದ್ಯಾರ್ಥಿಗಳು ಸೋಮವಾರಪೇಟೆ ಕಡೆಯ ನಮ್ಮ ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸೋಣ ಅಂತ ದುಡ್ಡು ಸೇರಿಸಿದ್ದೆವು. ಎಚ್ಎಂ, ಅಂದರೆ ಮುಖ್ಯ ಶಿಕ್ಷಕಿ ಮೇಡಂಗೆ ಹೇಳಿಬರಲು ಮಳೆಯಲ್ಲೇ ಹೋದೆ. ಅವರು ಟೀ ತರಿಸಿದರು, ಆಮೇಲೆ ಬೀರು ತೆಗೆದರು. ಒಳಗೊಂದು ಪ್ರೊಜೆಕ್ಟರ್. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಲೆನ್ಸಿಗೆ ಬೂಷ್ಟು ಹಿಡಿದಿತ್ತು. ನಮ್ಮೂರ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತದೆ, ಇದು ಯಾವ ಲೆಕ್ಕ.

‘ಯಾಕೆ ಮೇಡಂ, ಬಳಸೋದಿಲ್ವಾ?’ ಅಂದೆ.

ಆಗ ಬಂದ ಮಾತು ಅದು. ಹೇಳಿದ್ದಷ್ಟೇ ಅಲ್ಲ, ಸ್ಟಾಕ್ ಬುಕ್ ಬಿಡಿಸಿ ತಮ್ಮ ಸಹಿಯ ಮೇಲೆ ಬೆರಳಿಟ್ಟರು. ಅವರ ರಿಟೈರ್‌ಮೆಂಟ್ ಹತ್ತಿರ ಬಂದಿದೆ. ಅದರಲ್ಲಿ ಬರೆದ ಒಂದೊಂದು ಸಾಮಾನನ್ನೂ ಮುಂದಿನವರಿಗೆ ಒಪ್ಪಿಸಬೇಕು. ಬಳಸಿದ್ದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ. ಕಳೆದುಹೋದರೆ, ಕೆಟ್ಟರೆ ಮಾತ್ರ ಕೇಳುವವರು ಬರುತ್ತಾರೆ.

ಮೇಡಂ ಸೋಮಾರಿ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಅಂತ ತೋಟದ ಕೂಲಿಯವರ ಲೈನ್‌ಮನೆಗಳ ತನಕ ನಡೆದುಹೋಗಿ ಪಾಠ ಮಾಡಿದವರು ಅವರು. ಹೊಸದೆಂದರೆ ಹೆದರುವವರೂ ಅಲ್ಲ. ಮಕ್ಕಳ ಮಾಹಿತಿಯನ್ನು ಇಲಾಖೆಯ ಎಸ್‌ಎಟಿಎಸ್ ಅನ್ನೋ ಆನ್‌ಲೈನ್ ದಾಖಲೆಗೆ ಹಾಕುವುದು, ಫೋಟೋ ಕಳಿಸುವುದು, ವಾಟ್ಸಾಪಿನಲ್ಲಿ ಬರುವ ಆದೇಶಕ್ಕೆ ಸಂಜೆಯೊಳಗೆ ಉತ್ತರ ಕೊಡುವುದು, ಎಲ್ಲವೂ ಅವರ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ. ತಂತ್ರಜ್ಞಾನ ಶಾಲೆಯೊಳಗೆ ಯಾವಾಗಲೋ ಬಂದಿದೆ. ಆಫೀಸ್ ರೂಮಿಗೆ ಬಂದು ಅಲ್ಲೇ ಕುಳಿತಿದೆ, ಅಷ್ಟೆ.

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. ದೀಕ್ಷಾ ಶುರುವಾದದ್ದು 2017ರಲ್ಲಿ. ಆದರೆ ಜುಲೈ ತಿಂಗಳಲ್ಲಿ ಇಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ಟವರೂ ಇಲ್ಲ. ‘ಬೋರ್ಡ್ ಕೊಡ್ತೀರಿ, ಸರಿ. ಯುಪಿಎಸ್ ಯಾರು ಕೊಡ್ತಾರೆ? ಅದರ ಬ್ಯಾಟರಿ ಸತ್ತಾಗ?’ ಅಂತಲೂ ಮೇಡಂ ಕೇಳಿದರು. ನಾನು ಟೀ ಕುಡಿದೆ.

ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ನನ್ನ ಗೆಳೆಯನೂ ಎಚ್ಎಂ. ಸ್ವಲ್ಪ ಬಾಯಿ ಜಾಸ್ತಿ, ಮೀಟಿಂಗಿನಲ್ಲಿ ಅವನಿದ್ದರೆ ಬೇರೆಯವರು ಮಾತಾಡುವ ಹಾಗಿಲ್ಲ. ಅವನ ಶಾಲೆಯಲ್ಲಿ ಟ್ಯಾಬ್‌ಗಳು ಮಕ್ಕಳ ಕೈಯಲ್ಲೇ ಇರುತ್ತವೆ. ತೋಟದ ಕೆಲಸಕ್ಕೆ ಬಂದ ಅಸ್ಸಾಂ ಕುಟುಂಬಗಳ ಮಕ್ಕಳು ಅಲ್ಲಿದ್ದಾರೆ. ನಮ್ಮೂರ ಮಕ್ಕಳು ಚಿತ್ರ ತೋರಿಸಿ ಕನ್ನಡದಲ್ಲಿ ಹೆಸರು ಹೇಳಿ ರೆಕಾರ್ಡ್ ಮಾಡುತ್ತಾರೆ, ಆ ಮಕ್ಕಳು ಕೇಳಿ ಕಲಿಯುತ್ತಾರೆ. ಇದಕ್ಕೆ ಇಂಟರ್‌ನೆಟ್ಟೂ ಬೇಡ.

ಅದೇ ಪ್ರಶ್ನೆಯನ್ನು ಅವನಿಗೆ ಫೋನಿನಲ್ಲಿ ಹಾಕಿದೆ. ‘ಹಾಳಾದ್ರೆ ಯಾರು ಉತ್ತರ ಕೊಡೋದು?’

‘ಹಾಳಾಗ್ಲಿ ಬಿಡು ಮಾರಾಯ. ಹೊಸದಾಗೇ ಉಳಿದ್ರೆ ನಾಚಿಕೆ ನಂಗೆ’ ಅಂದ. ಕೇಳಲು ಭಾರಿ ಚೆನ್ನಾಗಿದೆ. ಕೆದಕಿದಾಗ ನಿಜ ಬಂತು. ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾ ಸಮಿತಿಯ ಸಭೆಯಲ್ಲೇ ನಡಾವಳಿ ಬರೆಸಿಟ್ಟಿದ್ದಾನೆ. ಮಕ್ಕಳು ಬಳಸುವಾಗ ಕೆಟ್ಟರೆ ರಿಪೇರಿಗೆ ಸಮಿತಿಯವರೇ ದುಡ್ಡು ಹೊಂದಿಸುತ್ತಾರೆ ಅಂತ. ಕೆಳಗೆ ಎಲ್ಲರ ಸಹಿ. ಮೇಡಂ ಪುಸ್ತಕದಲ್ಲಿ ಇರುವುದು ಅವರೊಬ್ಬರದೇ ಸಹಿ. ಇಬ್ಬರಿಗೂ ತಂತ್ರಜ್ಞಾನದ ಬಗ್ಗೆ ಇರುವ ಅಭಿಪ್ರಾಯ ಬೇರೆಬೇರೆ ಅಂತ ನನಗೆ ಈಗ ಅನಿಸುವುದಿಲ್ಲ.

2023ರಲ್ಲಿ ಯುನೆಸ್ಕೋ ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆಯೇ ಒಂದು ದೊಡ್ಡ ವರದಿ ತಂದಿತು. ಈ ಸಾಧನ ಯಾರ ಷರತ್ತಿನ ಮೇಲೆ ನಡೆಯಬೇಕು ಅನ್ನುವ ಪ್ರಶ್ನೆ ಅದರ ತಲೆಬರಹದಲ್ಲೇ ಇದೆ. ಬರೆದವರು ನಮ್ಮ ಸ್ಟಾಕ್ ಬುಕ್ ನೋಡಿರಲಿಕ್ಕಿಲ್ಲ. ನೋಡಬೇಕಿತ್ತು.

ನಿನ್ನೆ ರಾತ್ರಿ ನಮ್ಮ ಗ್ರೂಪಿನಲ್ಲಿ ದೊಡ್ಡ ಚರ್ಚೆ. ಸ್ಮಾರ್ಟ್ ಬೋರ್ಡ್ ಬೇಡ, ಮೊದಲು ಯುಪಿಎಸ್, ಪ್ರೊಜೆಕ್ಟರಿನ ಸರ್ವಿಸ್, ಉಳಿದದ್ದು ರಿಪೇರಿಗೆ ಅಂತ ನಾನು ಹಾಕಿದೆ. ಹೆಚ್ಚಿನವರು ಒಪ್ಪಿದರು. ಬೆಂಗಳೂರಿನಲ್ಲಿರುವ ಒಬ್ಬ ಮಾತ್ರ ಇನ್ನೂ ಮುನಿಸಿಕೊಂಡಿದ್ದಾನೆ. ರಿಪೇರಿ ದುಡ್ಡಿನ ಮೇಲೆ ದಾನಿಗಳ ಹೆಸರು ಎಲ್ಲಿ ಬರೆಸೋದು ಅಂತ ಅವನ ಪ್ರಶ್ನೆ.