ಶೈನೀಯ ಹದಿನೈದು ಹಾಡು

25 ಜೂನ್ 2018, ಸೋಮವಾರ

ಮಧ್ಯಾಹ್ನ ಎರಡೂವರೆಗೆ, ಅಂದರೆ ಕೊರಿಯಾದಲ್ಲಿ ಸಂಜೆ ಆರಕ್ಕೆ, ಅಲ್ಲಿನ ಪಾಪ್ ತಂಡ ಶೈನೀಯ 'ದ ಸ್ಟೋರಿ ಆಫ್ ಲೈಟ್' ಆಲ್ಬಮ್‌ನ ಮೂರನೇ ಭಾಗವೂ ಬಂತು. ಮೊದಲನೆಯದು ಮೇ 28ಕ್ಕೆ, ಎರಡನೆಯದು ಜೂನ್ 11ಕ್ಕೆ ಬಂದಿತ್ತು. ಒಂದೊಂದರಲ್ಲೂ ಐದೈದು ಹಾಡು. ಸಂಜೆಯಿಂದ ಇವತ್ತಿನ 'ಅವರ್ ಪೇಜ್' ಒಂದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದೇನೆ.

ಕಳೆದ ಡಿಸೆಂಬರ್ 18ಕ್ಕೆ ತಂಡದ ಐವರಲ್ಲಿ ಒಬ್ಬನಾದ ಜೊಂಗ್‌ಹ್ಯುನ್ ತೀರಿಹೋದ. ಬರೀ 27 ವರ್ಷ. ಉಳಿದ ನಾಲ್ವರು, ಆನ್ಯೂ, ಕೀ, ಮಿನ್ಹೋ, ಟೇಮಿನ್, ಅಲ್ಲಿಗೇ ನಿಲ್ಲಿಸಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಫೆಬ್ರವರಿಯಲ್ಲಿ ಒಸಾಕಾ, ಟೋಕಿಯೋಗಳಲ್ಲಿ ವೇದಿಕೆ ಹತ್ತಿದರು. ಅಲ್ಲಿ ಅವನ ಧ್ವನಿಯನ್ನೂ ಕೇಳಿಸಿದರು.

ಇಷ್ಟು ಬೇಗ ಕುಣಿಯೋದಾ ಅಂತ ಕೆಲವರಿಗೆ ಬೇಸರ. ನನಗೆ ಹಾಗನ್ನಿಸಲಿಲ್ಲ. ಮೊದಲ ಭಾಗದ 'ಗುಡ್ ಈವ್ನಿಂಗ್' ಪಕ್ಕಾ ಡಾನ್ಸ್ ಹಾಡು, ಚೆನ್ನಾಗಿಯೂ ಇದೆ. 2008ರ ಮೇ 25ಕ್ಕೆ ಇವರು ಮೊದಲ ಸಲ ವೇದಿಕೆಗೆ ಬಂದಾಗ ಟೇಮಿನ್‌ಗೆ ಹದಿನೈದು ಕೂಡ ತುಂಬಿರಲಿಲ್ಲ. ಹತ್ತು ವರ್ಷ ಹಾಡಿ ಕುಣಿದೇ ಬೆಳೆದವರು. ಅವರ ದುಃಖವೂ ಹಾಗೇ ಹೊರಗೆ ಬರಬೇಕು, ಅಲ್ವಾ?

ಜೊಂಗ್‌ಹ್ಯುನ್ ಇಲ್ಲ ಅಂದರೆ ಬರೀ ಒಂದು ಧ್ವನಿ ಕಡಿಮೆಯಾಯಿತು ಅಂತಲ್ಲ. ಅವನು ಬರೆಯುತ್ತಿದ್ದ. 2009ರ 'ಜೂಲಿಯೆಟ್'ಗೆ ಸಾಹಿತ್ಯ ಅವನದು. 2015ರ 'ವ್ಯೂ'ಗೂ ಅವನದೇ. ಕೊರಿಯಾದ ಗಾಯಕಿ ಲೀ ಹಾಯ್ ಹಾಡಿದ 'ಬ್ರೀದ್' ಕೂಡ ಅವನೇ ಮಾಡಿಕೊಟ್ಟದ್ದು. ಸುಸ್ತಾದವರಿಗೆ ಸಮಾಧಾನ ಹೇಳುವ ಹಾಡು ಅದು. ಈಗ ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ 'ಅವರ್ ಪೇಜ್' ನನಗೆ ಇಷ್ಟು ಮುಖ್ಯ. ಇದರ ಸಾಹಿತ್ಯಕ್ಕೆ ನಾಲ್ವರೂ ಕೈ ಹಾಕಿದ್ದಾರೆ, ಜೊತೆಗೆ ಗೀತರಚನೆಕಾರ್ತಿ ಕೆಂಜಿ. ಗೆಳೆಯನ ಬಗ್ಗೆ ಹೇಳಬೇಕಾದ್ದನ್ನು ಬೇರೆಯವರಿಂದ ಬರೆಸಿ ತಂದು ಹಾಡಬಹುದಿತ್ತು. ಹಾಗೆ ಮಾಡಲಿಲ್ಲ. ಅವನು ಮಾಡುತ್ತಿದ್ದ ಕೆಲಸವನ್ನೇ ಕೈಗೆತ್ತಿಕೊಂಡು ಅವನನ್ನು ನೆನೆದರು. ನನಗೆ ಕೊರಿಯನ್ ಬರುವುದಿಲ್ಲ, ಅನುವಾದ ಇಟ್ಟುಕೊಂಡು ಕೇಳಿದೆ. ಗೋಳಾಟ ಇಲ್ಲ. ಅವನನ್ನೂ ಸೇರಿಸಿಕೊಂಡೇ ತಮ್ಮ ಕಥೆ ಮುಂದುವರಿಯುತ್ತದೆ ಅನ್ನುತ್ತಾರೆ, ಅಷ್ಟೇ. ಮೊದಲ ಭಾಗದ 'ಯೂ ಆ್ಯಂಡ್ ಐ'ಗೆ ಕೀ ಬರೆದ ಸಾಲುಗಳೂ ನನಗೆ ಅಷ್ಟೇ ಹಿಡಿಸಿದವು.

ಇನ್ನೊಂದು ಮಾತು ಹೇಳಲೇಬೇಕು. ಮೊದಲೆಲ್ಲ ಹಾಡು ಏರುವ ಜಾಗದಲ್ಲಿ ಜೊಂಗ್‌ಹ್ಯುನ್ ಇರುತ್ತಿದ್ದ. ಈಗ ಅಂಥ ಕಡೆ ಅವನ ಥರ ಹಾಡಲು ಯಾರೂ ಹೋಗಿಲ್ಲ. ಅವರವರ ಗಂಟಲಿಗೆ ಒಗ್ಗುವ ಹಾಗೆ ಹಾಡಿದ್ದಾರೆ. ಹಿಂದೆ ಹೆಚ್ಚಾಗಿ ರ‍್ಯಾಪ್ ಮಾಡುತ್ತಿದ್ದ ಮಿನ್ಹೋ ಈ ಆಲ್ಬಮ್‌ನಲ್ಲಿ ಎಷ್ಟೊಂದು ಹಾಡಿದ್ದಾನೆ! ತಗ್ಗಿದ, ಬೆಚ್ಚನೆಯ ದನಿ. ಮುಂದಿನ ಆಲ್ಬಮ್‌ನಲ್ಲಿ ಅವನಿಗೆ ಇನ್ನೂ ಜಾಸ್ತಿ ಸಾಲು ಕೊಡಲಿ.