ಕನ್ನಡ ಅಂಕಿಗೆ ಒಂದು ಬೈಟ್ ವಾಪಸ್ ಸಾಲದು

ನನ್ನ ದಿನಸಿ ಲೆಕ್ಕದ ಸಿ ಭಾಷೆಯ ಪ್ರೋಗ್ರಾಂಗೆ ಈಗ ‘25ಕೆಜಿ’ ಅಂತ ಅಂಟಿಸಿ ಬರೆದರೂ ಅರ್ಥವಾಗುತ್ತದೆ. ಅಂಕಿ ಮುಗಿಯಿತೆಂದು ಗೊತ್ತಾಗುವುದೇ ಅಂಕಿಯಲ್ಲದ್ದು ಕೈಗೆ ಬಂದಾಗ. ಸ್ಟ್ರೀಮಿನಿಂದ, ಅಂದರೆ ಫೈಲಿನಿಂದ ಬರುವ ಬೈಟುಗಳ ಹರಿವಿನಿಂದ, ಒಂದೊಂದೇ ಬೈಟ್ ಓದುವ ಫಂಕ್ಷನ್ ಗೆಟ್‌ಸಿ. ಆ ಹೆಚ್ಚುವರಿ ಬೈಟನ್ನು ಅನ್‌ಗೆಟ್‌ಸಿ ಎಂಬ ಫಂಕ್ಷನ್ ಮೂಲಕ ಸ್ಟ್ರೀಮಿಗೆ ಮರಳಿಸಿದರೆ ಮುಂದಿನ ಗೆಟ್‌ಸಿ ಅದನ್ನೇ ಕೊಡುತ್ತದೆ. ಡಿಸ್ಕಿನಲ್ಲಿರುವ ಫೈಲ್ ಏನೂ ಬದಲಾಗುವುದಿಲ್ಲ. ನಡುವೆ ಓದುವ ಜಾಗ ಬದಲಿಸುವ ಎಫ್‌ಸೀಕ್ ಅಥವಾ ರಿವೈಂಡ್ ಕರೆದಿರೋ, ವಾಪಸ್ ಹಾಕಿದ್ದು ಹೋಯಿತೆಂದೇ ಲೆಕ್ಕ.

ಈ ವಾರ ಕೈ ಹಾಕಿದ್ದು ಕನ್ನಡ ಅಂಕಿಯ ‘೨೫ಕೆಜಿ’ಗೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘೦’ ಅಂದರೆ 224, 179, 166 ಎಂಬ ಮೂರು ಬೈಟ್. ‘೯’ ಅಂದರೆ 224, 179, 175. ಹಾಗಂತ 224 ಕಂಡ ತಕ್ಷಣ ಅಂಕಿ ಎನ್ನುವಂತಿಲ್ಲ, ‘ಕ’ ಕೂಡ 224, 178, 149. ಎರಡನೇ ಬೈಟ್ ಓದಿದ ಮೇಲೇ ಇದು ಅಂಕಿಯಲ್ಲ ಎಂದು ತಿಳಿಯುವುದು, ಅಷ್ಟರಲ್ಲಿ ಎರಡು ಬೈಟ್ ವಾಪಸ್ ಹೋಗಬೇಕು. ‘ೠ’ ಬಂದರಂತೂ ಮೂರು (224, 179, 160). ದಿನಸಿ ಚೀಟಿಯಲ್ಲಿ ಅದನ್ನು ಯಾರು ಬರೆಯುತ್ತಾರೋ!

ಸಿ ಸ್ಟ್ಯಾಂಡರ್ಡ್ ಖಾತ್ರಿ ಕೊಡುವುದು ಒಂದೇ ಒಂದು ಬೈಟಿಗೆ. ನಡುವೆ ಓದದೆ ಎರಡನೆಯದನ್ನು ತುರುಕಿದರೆ ಲೈಬ್ರರಿ ತೆಗೆದುಕೊಳ್ಳಬಹುದು, ಇಒಎಫ್ (ಫೈಲ್ ಮುಗಿದಾಗ ಅಥವಾ ಕೆಲಸ ಆಗದಿದ್ದಾಗ ಬರುವ ಗುರುತು) ಕೊಟ್ಟು ಕೈ ಎತ್ತಲೂಬಹುದು. ಬೈಟಿನ ಬದಲು ಇಡೀ ಅಕ್ಷರ ಮರಳಿಸುವ ಅನ್‌ಗೆಟ್‌ಡಬ್ಲ್ಯುಸಿ ಇದೆಯಲ್ಲ ಎಂದರೆ, ಅದಕ್ಕೆ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಸರಿಯಾಗಿರಬೇಕು, ಒಮ್ಮೆ ಸ್ಟ್ರೀಮ್ ವೈಡ್ (ಇಡೀ ಅಕ್ಷರ ಓದುವ ಬಗೆ) ಆದ ಮೇಲೆ ಗೆಟ್‌ಸಿ ಬೆರೆಸುವ ಹಾಗಿಲ್ಲ. ಇಷ್ಟು ಚಿಕ್ಕ ಪ್ರೋಗ್ರಾಂಗೆ ಆ ರಗಳೆ ಬೇಡ.

ಹಾಗಾಗಿ ಬೈಟ್ ಮರಳಿಸುವುದನ್ನೇ ತೆಗೆದುಹಾಕಿದೆ. ಮೂರೂ ಬೈಟ್ ಓದಿ ಒಂದು ಕೋಡ್‌ಪಾಯಿಂಟ್ (ಅಕ್ಷರದ ಯೂನಿಕೋಡ್ ಸಂಖ್ಯೆ) ಮಾಡುವ ಕೆಲಸ ಈಗ ಒಂದೇ ಫಂಕ್ಷನ್ನಿನದು. ಬಂದದ್ದರಿಂದ ‘೦’ಯ ಸಂಖ್ಯೆಯಾದ 3302 ಕಳೆದರೆ ಅಂಕಿಯ ಬೆಲೆ ಸಿಗುತ್ತದೆ. ಪಕ್ಕದಲ್ಲಿ ಒಂದು ಇಂಟ್ (ಒಂದು ಪೂರ್ಣಾಂಕ ಇಡುವ ಜಾಗ) ಇದೆ. ಬೇಡವಾದ ಅಕ್ಷರ ಅದರಲ್ಲಿ ಕೂರುತ್ತದೆ, ಮುಂದಿನ ಸಲ ಸ್ಟ್ರೀಮಿಗಿಂತ ಮೊದಲು ಅದನ್ನೇ ನೋಡುವುದು. ಖಾಲಿ ಇದೆ ಎನ್ನಲು -2 ಇಟ್ಟಿದ್ದೇನೆ. ಇಲ್ಲಿ ಇಒಎಫ್ ಬೆಲೆ -1, ಅದನ್ನೂ ವಾಪಸ್ ಹಾಕುವಂತಿರಬೇಕಿತ್ತು. ಅನ್‌ಗೆಟ್‌ಸಿಗೆ ಇಒಎಫ್ ಕೊಟ್ಟರೆ ಅದು ಏನೂ ಮಾಡದೆ ಇಒಎಫ್ ಅನ್ನೇ ಹಿಂದಕ್ಕೆ ಕೊಡುತ್ತದೆ. ಕೊನೇ ಸಾಲಿನಲ್ಲಿ ನ್ಯೂಲೈನ್ ಇಲ್ಲದ ಫೈಲುಗಳಿಗೆ ಬರೆದಿದ್ದ ಪ್ರತ್ಯೇಕ ಇಫ್, ನನ್ನ ಇಂಟಿನಲ್ಲಿ ಇಒಎಫ್ ಕೂಡ ಕೂರುವುದರಿಂದ, ಬೇಡವಾಯಿತು.

ದಶಾಂಶ ಇನ್ನೂ ಬಾಕಿ. ‘೨.೫’ ಸರಿ, ಆದರೆ ‘ಅಕ್ಕಿ ೨೫.’ ಎಂದು ಚುಕ್ಕಿಯಿಟ್ಟು ನಿಲ್ಲಿಸಿದರೆ ಚುಕ್ಕಿಯ ಆಚೆಯದನ್ನೂ ನೋಡಿ ಎರಡು ಅಕ್ಷರ ಮರಳಿಸಬೇಕು. ಇಂಟ್ ಜಾಗದಲ್ಲಿ ಪುಟ್ಟ ಅರೇ (ಸಾಲಾಗಿ ಹಲವು ಇಂಟ್) ಬರಲಿದೆ, ಕೊನೆಗೆ ಹಾಕಿದ್ದು ಮೊದಲು ಹೊರಗೆ ಬರುವ ಹಾಗೆ.