ಹಿಟ್ಲರನ ಕಾಲದ ಸಿನಿಮಾ ನಟರಿಗೆ ಯುದ್ಧದ ನಂತರ ಏನಾಯಿತು?

ಹಳೆಯ ಜರ್ಮನ್ ಚಿತ್ರಗಳ ಬಗ್ಗೆ ಎಲ್ಲಿ ಮಾತನಾಡಿದರೂ, ಏನು ಬರೆದರೂ ಕೊನೆಗೆ ನನಗೆ ಎದುರಾಗುವುದು ಒಂದೇ ಪ್ರಶ್ನೆ: ‘ನಾಜಿಗಳ ಕಾಲದ ಸಿನಿಮಾಗಳಲ್ಲಿ ನಟಿಸಿದವರು ಯುದ್ಧ ಮುಗಿದ ಮೇಲೆ ಏನಾದರು? ಅವರಿಗೆ ಶಿಕ್ಷೆಯಾಯಿತೇ?’ ತಪ್ಪು ಮಾಡಿದವರು ಜೈಲು ಸೇರಿರಬೇಕು, ಮಾಡದವರು ಗೌರವದಿಂದ ಬಾಳಿರಬೇಕು ಎಂಬ ನಿರೀಕ್ಷೆ ಕೇಳುವವರ ದನಿಯಲ್ಲಿ ಇರುತ್ತದೆ. ಹಾಗಾಗಲಿಲ್ಲ. ಬಹುಪಾಲು ನಟರು ಕೆಲವು ವರ್ಷ ಮರೆಯಲ್ಲಿದ್ದು ಮತ್ತೆ ಕ್ಯಾಮೆರಾ ಮುಂದೆ ನಿಂತರು, ಪ್ರಶಸ್ತಿ ಪಡೆದರು, ಮುದುಕರಾಗಿ ಸತ್ತರು. 1945ರಲ್ಲಿ ಯಾರು ಯಾವ ದೇಶದ ಸೇನೆಯ ಕೈಗೆ ಸಿಕ್ಕರು, ಪ್ರೇಕ್ಷಕರಿಗೆ ಅವರು ಎಷ್ಟು ಬೇಕಾಗಿದ್ದರು ಎಂಬುದು, ಅವರು ಏನು ಮಾಡಿದ್ದರು ಎಂಬುದಕ್ಕಿಂತ ಹೆಚ್ಚು ತೂಗಿತು. ಇದು ನನ್ನ ಉತ್ತರದ ಅರ್ಧ ಭಾಗ. ಉಳಿದರ್ಧ, ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ನೆನೆಯದ ಜನರಿಗೆ ಸೇರಿದ್ದು. ದೇಶ ಬಿಟ್ಟು ಹೋದವರಿಗೆ ಮತ್ತು ಕೊಲೆಯಾದವರಿಗೆ.

ಒಂದೇ ಚಿತ್ರದಿಂದ ಆರಂಭಿಸುತ್ತೇನೆ. 1930ರ ಏಪ್ರಿಲ್ 1ರಂದು ಬರ್ಲಿನ್‌ನ ಗ್ಲೋರಿಯಾ ಪಾಲಾಸ್ಟ್‌ನಲ್ಲಿ ‘ದಿ ಬ್ಲೂ ಏಂಜೆಲ್’ ತೆರೆ ಕಂಡಿತು. ಕ್ಯಾಬರೆ ಹಾಡುಗಾರ್ತಿಯ ಮೋಹದಲ್ಲಿ ಹಾಳಾಗುವ ಶಾಲಾ ಉಪಾಧ್ಯಾಯನಾಗಿ ಎಮಿಲ್ ಯಾನಿಂಗ್ಸ್, ಹಾಡುಗಾರ್ತಿಯಾಗಿ ಮಾರ್ಲೀನ್ ಡೀಟ್ರಿಶ್, ಅವಳನ್ನು ಸೆಳೆಯುವ ಬಲಾಢ್ಯನಾಗಿ ಹಾನ್ಸ್ ಆಲ್ಬರ್ಸ್, ಆ ತಂಡವನ್ನು ನಡೆಸುವ ದಪ್ಪ ಮೈಯ ಜಾದೂಗಾರನಾಗಿ ಕುರ್ಟ್ ಗೆರಾನ್. ನಾಲ್ವರೂ ಒಂದೇ ಚೌಕಟ್ಟಿನೊಳಗೆ ಕಾಣುವ ದೃಶ್ಯಗಳನ್ನು ಈಗ ನೋಡುವಾಗ ಕಥೆ ನನ್ನ ತಲೆಗೆ ಹತ್ತುವುದೇ ಇಲ್ಲ. ಮುಂದಿನ ಹದಿನೈದು ವರ್ಷಗಳಲ್ಲಿ ಈ ನಾಲ್ವರು ಹಿಡಿದ ದಾರಿಗಳೇ ಕಣ್ಣ ಮುಂದೆ ಬರುತ್ತವೆ.

ಯಾನಿಂಗ್ಸ್ ಆಗ ಜಗತ್ತಿನ ದೊಡ್ಡ ನಟ. ಅತ್ಯುತ್ತಮ ನಟನಿಗೆ ಕೊಟ್ಟ ಮೊತ್ತಮೊದಲ ಆಸ್ಕರ್ ಅವನದು. ಮಾತಿನ ಚಿತ್ರಗಳು ಬಂದಾಗ ಹಾಲಿವುಡ್ ಬಿಟ್ಟು ಜರ್ಮನಿಗೆ ಮರಳಿದ ಅವನು ನಾಜಿ ಆಡಳಿತದ ಅಚ್ಚುಮೆಚ್ಚಿನ ಕಲಾವಿದನಾದ. 1941ರ ‘ಓಮ್ ಕ್ರ್ಯೂಗರ್’ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಥೆಯ ಮೂಲಕ ಬ್ರಿಟಿಷರ ವಿರುದ್ಧ ದ್ವೇಷ ಹುಟ್ಟಿಸಲು ಮಾಡಿದ ಚಿತ್ರ. ಅದರಲ್ಲಿ ಬ್ರಿಟಿಷರ ಸೆರೆಶಿಬಿರಗಳ ದೃಶ್ಯಗಳಿವೆ, ಅದೂ ಜರ್ಮನ್ನರು ತಮ್ಮ ಶಿಬಿರಗಳಲ್ಲಿ ಜನರನ್ನು ಕೊಲ್ಲುತ್ತಿದ್ದ ಕಾಲದಲ್ಲಿ. ಮುಖ್ಯ ಪಾತ್ರ ಯಾನಿಂಗ್ಸ್‌ನದು. ಯುದ್ಧದ ನಂತರ ಅವನಿಗೆ ಕೆಲಸ ನಿಷೇಧವಾಯಿತು. ಆಸ್ಟ್ರಿಯಾದ ವುಲ್ಫ್‌ಗಾಂಗ್ ಸರೋವರದ ಬಳಿಯ ಮನೆಯಲ್ಲಿದ್ದು, 1947ರಲ್ಲಿ ಆಸ್ಟ್ರಿಯಾದ ಪೌರನಾಗಿ, 1950ರ ಜನವರಿಯಲ್ಲಿ ತೀರಿಕೊಂಡ. ಮತ್ತೆ ಎಂದೂ ನಟಿಸಲಿಲ್ಲ.

ಆಲ್ಬರ್ಸ್‌ನ ಕಥೆಯನ್ನು ಒಂದು ತೀರ್ಪಿನಲ್ಲಿ ಮುಗಿಸಲು ನನಗೆ ಆಗುವುದಿಲ್ಲ. ಅವನ ಸಂಗಾತಿ ಹಾನ್ಸಿ ಬುರ್ಗ್ ಯಹೂದಿ. ಸರ್ಕಾರದ ಒತ್ತಡಕ್ಕೆ ಅವನು ಹೊರನೋಟಕ್ಕೆ ಅವಳಿಂದ ದೂರವಾದ, ಒಳಗೊಳಗೆ ಜೊತೆಗಿದ್ದ. ಯುದ್ಧ ಆರಂಭವಾಗುವ ಹೊತ್ತಿಗೆ ಅವಳು ದೇಶದಿಂದ ಹೊರಗೆ ಹೋಗಿ ಬದುಕಿಕೊಂಡಳು. ನಟನಾಗಿದ್ದ ಅವಳ ತಂದೆ ಓಯ್ಗೆನ್ ಬುರ್ಗ್ ಮಾತ್ರ ಥೆರೇಸಿಯೆನ್‌ಸ್ಟಾಟ್ ಶಿಬಿರದಲ್ಲಿ ಸತ್ತ. ಆಲ್ಬರ್ಸ್ ನಾಜಿ ಮುಖಂಡರ ಔತಣಗಳಿಂದ ಆದಷ್ಟು ದೂರ ಉಳಿದ. ಆದರೆ ಆಫ್ರಿಕಾದ ಜನರ ಮೇಲೆ ಕ್ರೌರ್ಯ ಮೆರೆದ ವಸಾಹತುದಾರನನ್ನು ವೀರನನ್ನಾಗಿ ತೋರಿಸುವ ‘ಕಾರ್ಲ್ ಪೀಟರ್ಸ್’ನಲ್ಲಿ ನಟಿಸಿದವನೂ ಅವನೇ. 1943ರಲ್ಲಿ ಜರ್ಮನಿಯ ದೊಡ್ಡ ಚಿತ್ರಸಂಸ್ಥೆಯಾದ ಉಫಾದ ಇಪ್ಪತ್ತೈದನೇ ವರ್ಷಕ್ಕಾಗಿ ತೆಗೆದ ಬಣ್ಣದ ‘ಮ್ಯುನ್‌ಶ್‌ಹೌಸೆನ್’ ಅವನ ಅತ್ಯಂತ ಪ್ರಸಿದ್ಧ ಚಿತ್ರ. ಅದರ ಚಿತ್ರಕಥೆ ಬರೆದವನು ಎರಿಕ್ ಕೆಸ್ಟ್ನರ್. 1933ರಲ್ಲಿ ಅವನ ಪುಸ್ತಕಗಳನ್ನು ಬರ್ಲಿನ್‌ನಲ್ಲಿ ಬೆಂಕಿಗೆ ಹಾಕಿದ್ದರು, ಹಾಗಾಗಿ ಬೇರೆ ಹೆಸರಿನಲ್ಲಿ ಬರೆದ. ಹಾನ್ಸಿ ಬುರ್ಗ್ 1946ರಲ್ಲಿ ಮರಳಿ ಬಂದಳು. 1960ರಲ್ಲಿ ಆಲ್ಬರ್ಸ್ ಸಾಯುವವರೆಗೂ ಇಬ್ಬರೂ ಒಟ್ಟಿಗಿದ್ದರು. ಅಷ್ಟು ಹೊತ್ತಿಗೆ ಅವನು ಹತ್ತಾರು ಹೊಸ ಚಿತ್ರಗಳನ್ನು ಮಾಡಿದ್ದ.

ಇನ್ನು ಕುರ್ಟ್ ಗೆರಾನ್. ಪ್ರಶ್ನೆ ಕೇಳುವವರಲ್ಲಿ ಬಹುತೇಕರಿಗೆ ಅವನ ಹೆಸರೇ ಗೊತ್ತಿರುವುದಿಲ್ಲ. ನನಗೆ ನೋವಾಗುವುದು ಅಲ್ಲೇ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿ ಗಾಯಗೊಂಡವನು ಅವನು. 1928ರಲ್ಲಿ ನಾಟಕಕಾರ ಬ್ರೆಷ್ಟ್ ಮತ್ತು ಸಂಗೀತಗಾರ ವೈಲ್ ಅವರ ‘ಥ್ರೀಪೆನ್ನಿ ಆಪೆರಾ’ ಮೊದಲು ರಂಗಕ್ಕೆ ಬಂದಾಗ ಅದರಲ್ಲಿ ನಟಿಸಿದವನು, ಅನಂತರ ಉಫಾದಲ್ಲಿ ನಿರ್ದೇಶಕನಾದವನು. 1933ರಲ್ಲಿ ಯಹೂದಿಯೆಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡು ಪ್ಯಾರಿಸ್‌ಗೆ, ಅಲ್ಲಿಂದ ನೆದರ್‌ಲ್ಯಾಂಡ್ಸ್‌ಗೆ ಹೋದ. ಜರ್ಮನ್ ಸೇನೆ ಅಲ್ಲಿಗೂ ಬಂತು. ವೆಸ್ಟರ್‌ಬೋರ್ಕ್ ಶಿಬಿರದಿಂದ 1944ರಲ್ಲಿ ಅವನನ್ನು ಥೆರೇಸಿಯೆನ್‌ಸ್ಟಾಟ್‌ಗೆ ಸಾಗಿಸಿದರು. ಆ ಶಿಬಿರ ನೆಮ್ಮದಿಯ ಊರು ಎಂದು ಹೊರಜಗತ್ತಿಗೆ ನಂಬಿಸುವ ಚಿತ್ರವೊಂದು ನಾಜಿಗಳಿಗೆ ಬೇಕಾಗಿತ್ತು. ಅದನ್ನು ನಿರ್ದೇಶಿಸುವಂತೆ ಗೆರಾನ್‌ನನ್ನು ಬಲವಂತಪಡಿಸಿದರು. ಫುಟ್‌ಬಾಲ್ ಆಡುವವರು, ಸಂಗೀತ ಕೇಳುವವರು, ತೋಟಕ್ಕೆ ನೀರು ಹಾಕುವವರು, ಹೀಗೆ ಬಂದಿಗಳನ್ನೇ ಪಾತ್ರಗಳನ್ನಾಗಿ ಮಾಡಿ ಚಿತ್ರೀಕರಣ ನಡೆಯಿತು. ಕೆಲಸ ಮುಗಿದ ಕೆಲವೇ ವಾರಗಳಲ್ಲಿ, 1944ರ ಅಕ್ಟೋಬರ್ 28ರ ರೈಲಿನಲ್ಲಿ, ಹೆಂಡತಿಯೊಂದಿಗೆ ಅವನನ್ನು ಔಶ್ವಿಟ್ಸ್‌ಗೆ ಕಳುಹಿಸಿ ಕೊಂದರು. ಆ ಚಿತ್ರದ ಕೆಲವು ತುಣುಕುಗಳಷ್ಟೇ ಇಂದು ಉಳಿದಿವೆ.

ನಟರು ಇಷ್ಟೊಂದು ಸರ್ಕಾರದ ಮುಷ್ಟಿಯಲ್ಲಿ ಇದ್ದದ್ದು ಹೇಗೆ ಎಂದೂ ಕೇಳುತ್ತಾರೆ. 1933ರಲ್ಲಿ ಹಿಟ್ಲರನ ಪ್ರಚಾರ ಸಚಿವ ಗೋಬೆಲ್ಸ್ ಸ್ಥಾಪಿಸಿದ ಚಲನಚಿತ್ರ ಮಂಡಳಿಯ ಸದಸ್ಯತ್ವವಿಲ್ಲದೆ ಯಾರೂ ಚಿತ್ರರಂಗದಲ್ಲಿ ಕೆಲಸ ಮಾಡುವಂತಿರಲಿಲ್ಲ. ಯಹೂದಿಗಳಿಗೆ ಸದಸ್ಯತ್ವ ಇರಲಿಲ್ಲ. ಯಹೂದಿ ಪತಿ ಅಥವಾ ಪತ್ನಿ ಇದ್ದವರಿಗೆ ವಿಶೇಷ ಅನುಮತಿ ಬೇಕಿತ್ತು, ಅದನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಿತ್ತು. 1942ರ ಹೊತ್ತಿಗೆ ಎಲ್ಲ ದೊಡ್ಡ ಕಂಪನಿಗಳೂ ಸರ್ಕಾರದ ಒಂದೇ ಸಂಸ್ಥೆಯೊಳಗೆ ಸೇರಿಹೋದವು. ಆ ಹನ್ನೆರಡು ವರ್ಷಗಳ ಸುಮಾರು ಸಾವಿರದ ನೂರು ಕಥಾಚಿತ್ರಗಳಲ್ಲಿ ಹೆಚ್ಚಿನವು ಹಾಸ್ಯ, ಪ್ರೇಮ, ಸಂಗೀತದವು. ಜನರನ್ನು ನಗಿಸಿ ಯುದ್ಧವನ್ನು ಮರೆಸುವ ಕೆಲಸದ ಬೆಲೆ ಗೋಬೆಲ್ಸ್‌ಗೆ ಚೆನ್ನಾಗಿ ಗೊತ್ತಿತ್ತು.

ನೇರವಾಗಿ ವಿಷ ಬಿತ್ತಿದ ಚಿತ್ರಗಳಲ್ಲಿ 1940ರ ‘ಯೂದ್ ಸ್ಯೂಸ್’ ಅತ್ಯಂತ ಕೆಟ್ಟದ್ದು. ಸುಮಾರು ಎರಡು ಕೋಟಿ ಜನ ನೋಡಿದ ಚಿತ್ರ ಅದು. ತನ್ನ ಎಸ್‌ಎಸ್ ಪಡೆ ಮತ್ತು ಪೊಲೀಸರು ಅದನ್ನು ನೋಡಲೇಬೇಕೆಂದು ಅವುಗಳ ಮುಖ್ಯಸ್ಥ ಹಿಮ್ಲರ್ ಆದೇಶಿಸಿದ್ದ. ಶಿಕ್ಷೆಯ ಪ್ರಶ್ನೆಗೆ ಈ ಒಂದು ಚಿತ್ರದ ತಂಡವನ್ನು ನೋಡಿದರೆ ಸಾಕು. ಖಳನಾದ ಯಹೂದಿಯ ಪಾತ್ರ ಮಾಡಿದ ಫರ್ಡಿನಾಂಡ್ ಮರಿಯಾನ್ 1946ರ ಆಗಸ್ಟ್‌ನಲ್ಲಿ ಕಾರು ಅಪಘಾತದಲ್ಲಿ ಸತ್ತ. ಡ್ಯೂಕ್ ಪಾತ್ರದ ಹೈನ್ರಿಶ್ ಗೆಯೋರ್ಗೆ ರಷ್ಯನ್ನರ ಕೈಗೆ ಸಿಕ್ಕ. ನಾಜಿಗಳಿಗಿಂತ ಮೊದಲು ಎಡಪಂಥೀಯರ ಜೊತೆಗಿದ್ದ ಗೆಯೋರ್ಗೆ, 1933ರಲ್ಲೇ ಕಮ್ಯುನಿಸ್ಟ್ ತಂದೆಯೊಬ್ಬ ಮನಸ್ಸು ಬದಲಿಸುವ ಪಾತ್ರವನ್ನು ನಾಜಿ ಚಿತ್ರದಲ್ಲಿ ಮಾಡಿ ಹೊಸ ಒಡೆಯರ ಕಡೆಗೆ ಸರಿದಿದ್ದ. ನಾಜಿಗಳ ಸೆರೆಶಿಬಿರವಾಗಿದ್ದ ಜಾಕ್ಸೆನ್‌ಹೌಸೆನ್ ಯುದ್ಧದ ನಂತರ ಸೋವಿಯತ್ ಶಿಬಿರವಾಗಿತ್ತು. ಅಲ್ಲಿ ಸಹಬಂದಿಗಳೊಂದಿಗೆ ನಾಟಕವಾಡುತ್ತಿದ್ದ ಅವನು 1946ರ ಸೆಪ್ಟೆಂಬರ್‌ನಲ್ಲಿ ಸತ್ತ. ಅವನ ಮಗ ಗೋಟ್ಸ್ ಗೆಯೋರ್ಗೆ ಜರ್ಮನ್ ದೂರದರ್ಶನದ ಜನಪ್ರಿಯ ನಟನಾಗಿ, 2013ರಲ್ಲಿ ತಂದೆಯ ಪಾತ್ರವನ್ನು ತಾನೇ ಮಾಡಿದ.

ಅದೇ ಚಿತ್ರದ ನಿರ್ದೇಶಕ ಫೈಟ್ ಹಾರ್ಲಾನ್ ಮೇಲೆ ಹ್ಯಾಂಬರ್ಗ್‌ನಲ್ಲಿ ಮಾನವತೆಯ ವಿರುದ್ಧದ ಅಪರಾಧದ ಮೊಕದ್ದಮೆ ನಡೆಯಿತು. 1949ರಲ್ಲಿ ಖುಲಾಸೆ, ಮೇಲ್ಮನವಿಯ ನಂತರ 1950ರಲ್ಲಿ ಮತ್ತೆ ಖುಲಾಸೆ. ತೀರ್ಪು ಕೊಟ್ಟ ನ್ಯಾಯಾಧೀಶ ನಾಜಿಗಳ ವಿಶೇಷ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲನಾಗಿದ್ದವನು. ಹಾರ್ಲಾನ್ ಮತ್ತೆ ಚಿತ್ರ ಮಾಡಿದ, ಅವನ ಹೆಂಡತಿ ಕ್ರಿಸ್ಟಿನಾ ಸೋಡರ್‌ಬೌಮ್ ಮತ್ತೆ ನಾಯಕಿಯಾದಳು. ಎರಿಕ್ ಲ್ಯೂತ್ ಎಂಬ ಹ್ಯಾಂಬರ್ಗ್ ಅಧಿಕಾರಿ ಆ ಚಿತ್ರಗಳನ್ನು ಬಹಿಷ್ಕರಿಸಿ ಎಂದು ಕರೆ ಕೊಟ್ಟಾಗ ಕೆಳಗಿನ ನ್ಯಾಯಾಲಯ ಅವನ ಬಾಯಿಯನ್ನೇ ಮುಚ್ಚಿಸಿತು. 1958ರಲ್ಲಿ ಸಂವಿಧಾನ ನ್ಯಾಯಾಲಯ ಲ್ಯೂತ್‌ನ ಪರ ನಿಂತಿತು. ಜರ್ಮನಿಯಲ್ಲಿ ವಾಕ್ ಸ್ವಾತಂತ್ರ್ಯದ ಬುನಾದಿ ಎಂದು ಇಂದಿಗೂ ಎತ್ತಿ ಹೇಳುವ ತೀರ್ಪು ಅದು.

ಇನ್ನೊಬ್ಬ ನಟನ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ವೆರ್ನರ್ ಕ್ರೌಸ್ ‘ಯೂದ್ ಸ್ಯೂಸ್’ನಲ್ಲಿ ಒಂದಲ್ಲ, ಹಲವು ಯಹೂದಿ ಪಾತ್ರಗಳನ್ನು ವಿಕಾರವಾಗಿ ಅಭಿನಯಿಸಿದವನು. ಜರ್ಮನ್ ರಂಗಭೂಮಿಯಲ್ಲಿ ಇಫ್ಲಾಂಡ್ ಉಂಗುರ ಎಂಬ ಗೌರವವಿದೆ, ಅದನ್ನು ಧರಿಸುವವನು ಆ ಭಾಷೆಯ ಶ್ರೇಷ್ಠ ನಟ ಎಂದು ಅರ್ಥ. ಹಿಂದೆ ಅದನ್ನು ಹೊಂದಿದ್ದವನು ಆಲ್ಬರ್ಟ್ ಬಾಸರ್‌ಮಾನ್. ಯಹೂದಿಯಾಗಿದ್ದ ಹೆಂಡತಿ ಎಲ್ಸೆಯನ್ನು ರಂಗದಿಂದ ದೂರವಿಟ್ಟರೆ ತಾನೂ ಆಡುವುದಿಲ್ಲ ಎಂದು ದೇಶ ಬಿಟ್ಟ ವೃದ್ಧ. ಇಂಗ್ಲಿಷ್ ಸರಿಯಾಗಿ ಬಾರದೆ, ಸಂಭಾಷಣೆಯನ್ನು ಉಚ್ಚಾರದ ಮೂಲಕವೇ ಬಾಯಿಪಾಠ ಮಾಡಿ ಹಾಲಿವುಡ್‌ನಲ್ಲಿ ನಟಿಸಿ, ಆಸ್ಕರ್‌ಗೆ ನಾಮನಿರ್ದೇಶನ ಪಡೆದವನು. ಅವನು 1952ರಲ್ಲಿ ತೀರಿಕೊಂಡ. 1954ರಲ್ಲಿ ಆ ಉಂಗುರವನ್ನು ಕೊಟ್ಟದ್ದು ಕ್ರೌಸ್‌ಗೆ. ಅದೇ ವರ್ಷ ಪಶ್ಚಿಮ ಜರ್ಮನಿಯ ಸರ್ಕಾರವೂ ಅವನಿಗೆ ಪದಕ ನೀಡಿತು. ಅವನು ಮಹಾನಟ ಎಂಬುದು ನನಗೂ ಗೊತ್ತು, ಅವನ ಮೂಕಿ ಚಿತ್ರ ‘ಕಾಲಿಗರಿ’ ನೋಡಿದವರು ಯಾರೂ ಅಲ್ಲಗಳೆಯಲಾರರು. ಆದರೂ ಆ ಉಂಗುರ ಆ ಬೆರಳಿಗೆ ಹೋಗಬಾರದಿತ್ತು.

ಜನಪ್ರಿಯತೆ ಎಷ್ಟನ್ನು ಮುಚ್ಚಬಲ್ಲದು ಎಂದು ತಿಳಿಯಲು ಹೈನ್ಸ್ ರೂಮನ್‌ನನ್ನು ನೋಡಬೇಕು. ಜರ್ಮನ್ನರ ಪ್ರೀತಿಯ ಹಾಸ್ಯನಟ. 1938ರಲ್ಲಿ ಯಹೂದಿ ಪತ್ನಿ ಮರಿಯಾ ಬೆರ್ನ್‌ಹೈಮ್‌ಗೆ ವಿಚ್ಛೇದನ ಕೊಟ್ಟ. ಅವಳು ಮುಂದೆ ಸ್ವೀಡನ್ ಸೇರಿ ಬದುಕುಳಿದಳು, ಇದು ಅವಳ ರಕ್ಷಣೆಗಾಗಿ ಹೂಡಿದ ಉಪಾಯವೋ ಸ್ವಂತ ವೃತ್ತಿಗಾಗಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. 1944ರ ಜನವರಿಯಲ್ಲಿ ಬಂದ ಅವನ ‘ಫೊಯರ್‌ಜಾಂಗೆನ್‌ಬೋಲೆ’ ಶಾಲಾ ದಿನಗಳ ತುಂಟತನದ ಚಿತ್ರ. ಇಂದಿಗೂ ಪ್ರತಿ ಡಿಸೆಂಬರ್‌ನಲ್ಲಿ ಜರ್ಮನ್ ವಿದ್ಯಾರ್ಥಿಗಳು ಒಟ್ಟು ಸೇರಿ ಅದನ್ನು ನೋಡುತ್ತಾರೆ. ಯುದ್ಧದ ನಂತರ ಕೆಲಕಾಲ ಕಷ್ಟಪಟ್ಟರೂ 1956ರ ‘ಕೋಪೆನಿಕ್‌ನ ಕ್ಯಾಪ್ಟನ್’ನಿಂದ ಮತ್ತೆ ಮೇಲೆದ್ದು, 1993ರಲ್ಲಿ ವಿಮ್ ವೆಂಡರ್ಸ್ ಚಿತ್ರದಲ್ಲಿ ಕೊನೆಯ ಪಾತ್ರ ಮಾಡಿದ. ಆಮ್‌ಸ್ಟರ್‌ಡ್ಯಾಮ್‌ನ ಅಡಗುತಾಣದಲ್ಲಿ ಆ್ಯನ್ ಫ್ರ್ಯಾಂಕ್ ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ ತಾರೆಯರ ಚಿತ್ರಗಳಲ್ಲಿ ಇವನದೂ ಇದೆ. ಆ ಹುಡುಗಿಗೂ ಅವನು ಬೇಕಾಗಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಅವನ ಬಗ್ಗೆ ಸುಲಭವಾಗಿ ಏನೂ ಹೇಳಲಾಗುವುದಿಲ್ಲ.

ಹೊರಗೆ ಹೋದವರಿಗೆ ಇಂಥ ಸ್ವಾಗತ ಸಿಗಲಿಲ್ಲ. ‘ಬ್ಲೂ ಏಂಜೆಲ್’ ಬಿಡುಗಡೆಯ ರಾತ್ರಿಯೇ ಅಮೆರಿಕಕ್ಕೆ ಹೊರಟ ಡೀಟ್ರಿಶ್ 1939ರಲ್ಲಿ ಅಲ್ಲಿನ ಪೌರಳಾದಳು, ಯುದ್ಧರಂಗದಲ್ಲಿ ಅಮೆರಿಕದ ಸೈನಿಕರಿಗಾಗಿ ಹಾಡಿದಳು. 1960ರಲ್ಲಿ ಹಾಡಲು ಜರ್ಮನಿಗೆ ಬಂದಾಗ ‘ವಾಪಸ್ ಹೋಗು’ ಎಂಬ ಫಲಕಗಳು ಎದುರಾದವು. ನಾಜಿಗಳಿಗಾಗಿ ನಟಿಸಿದವರನ್ನು ಕ್ಷಮಿಸಿದ ಜನ, ನಾಜಿಗಳನ್ನು ಎದುರಿಸಿದವಳನ್ನು ದ್ರೋಹಿ ಎಂದರು. ಬರ್ಲಿನ್ ಅವಳನ್ನು ಗೌರವ ಪೌರಳೆಂದು ಘೋಷಿಸಿದ್ದು 2002ರಲ್ಲಿ, ಅವಳು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ದೇಶ ಬಿಟ್ಟಿದ್ದ ನಟ ಪೀಟರ್ ಲೊರೆ 1951ರಲ್ಲಿ ಮರಳಿ ಬಂದು ನಾಜಿ ಕಾಲದ ಅಪರಾಧದ ಬಗ್ಗೆ ತಾನೇ ಒಂದು ಚಿತ್ರ ನಿರ್ದೇಶಿಸಿದ. ಜನ ನೋಡಲಿಲ್ಲ, ಅವನು ಹಾಲಿವುಡ್‌ಗೆ ಹಿಂದಿರುಗಿದ. ಇನ್ನೊಬ್ಬ ನಟ ಕಾನ್ರಾಡ್ ಫೈಟ್‌ಗೆ ಮರಳುವ ಅವಕಾಶವೂ ಸಿಗಲಿಲ್ಲ. ಯಹೂದಿ ಹೆಂಡತಿಯೊಂದಿಗೆ ದೇಶ ಬಿಟ್ಟ ಅವನು ‘ಕಾಸಾಬ್ಲಾಂಕಾ’ದಲ್ಲಿ ನಾಜಿ ಮೇಜರ್‌ನ ಪಾತ್ರ ಮಾಡಿ, 1943ರಲ್ಲಿ ಹೃದಯಾಘಾತದಿಂದ ಸತ್ತ.

ಇದೆಲ್ಲ ನಮಗೆ ತೀರ ದೂರದ್ದಲ್ಲ ಎಂದು ನಾನು ಹೇಳುವುದುಂಟು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿನ ಕೊನೆಯ ದಶಕಗಳನ್ನು ಕಳೆದ ದೇವಿಕಾ ರಾಣಿ ಚಲನಚಿತ್ರ ಕಲೆಯ ಪಾಠ ಕಲಿತದ್ದು ಬರ್ಲಿನ್‌ನ ಉಫಾ ಸ್ಟುಡಿಯೋದಲ್ಲಿ. ಅವರ ‘ಅಛೂತ್ ಕನ್ಯಾ’ವನ್ನು ನಿರ್ದೇಶಿಸಿದ ಫ್ರಾಂಜ್ ಓಸ್ಟೆನ್ ನಾಜಿ ಪಕ್ಷದ ಸದಸ್ಯ. ಅಸ್ಪೃಶ್ಯ ಹುಡುಗಿಯ ಸಂಕಟವನ್ನು ಅಷ್ಟು ಮನಮುಟ್ಟುವಂತೆ ತೋರಿಸಿದವನು ಜನಾಂಗ ದ್ವೇಷದ ಪಕ್ಷದಲ್ಲಿದ್ದ.

‘ಹಾಗಾದರೆ ಆ ಚಿತ್ರಗಳನ್ನು ನೋಡಬಾರದೇ?’ ಎಂಬುದು ಮುಂದಿನ ಪ್ರಶ್ನೆ. ನೋಡಬೇಕು. ಅತಿ ವಿಷಪೂರಿತವಾದ ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ಜರ್ಮನಿಯ ಮೂರ್ನಾವ್ ಪ್ರತಿಷ್ಠಾನ ಇಂದಿಗೂ ವಿವರಣೆ ಮತ್ತು ಚರ್ಚೆಯೊಂದಿಗೆ ಮಾತ್ರ ತೋರಿಸಲು ಬಿಡುತ್ತದೆ. ಅದು ಸರಿಯಾದ ಕ್ರಮ. ಉಳಿದವನ್ನು ನೋಡಲು ಹೊರಟವರಿಗೆ ನಾನು ಮೊದಲು ಸೂಚಿಸುವುದು 1947ರ ‘ನೆರಳಿನಲ್ಲಿ ದಾಂಪತ್ಯ’ ಎಂಬ ಅರ್ಥದ ಹೆಸರಿನ ಚಿತ್ರವನ್ನು. ಯಹೂದಿ ಪತ್ನಿ ಮೆಟಾಳನ್ನು ಬಿಡಲೊಪ್ಪದೆ, ಅವಳನ್ನೂ ಎಳೆಯ ಮಗನನ್ನೂ ಶಿಬಿರಕ್ಕೆ ಸಾಗಿಸಲಿದ್ದಾರೆಂದು ತಿಳಿದಾಗ 1941ರ ನವೆಂಬರ್‌ನಲ್ಲಿ ಅವರೊಂದಿಗೆ ಪ್ರಾಣ ಕಳೆದುಕೊಂಡ ತಾರೆ ಯೋಆಕಿಮ್ ಗಾಟ್‌ಶಾಲ್ಕ್‌ನ ಬದುಕಿನಿಂದ ಹುಟ್ಟಿದ ಕಥೆ ಅದು. ನಿರ್ದೇಶಕ ಕುರ್ಟ್ ಮೆಟ್ಸಿಗ್‌ನ ಯಹೂದಿ ತಾಯಿಯೂ ಹಾಗೆಯೇ ಸತ್ತಿದ್ದಳು. ಸಂಗೀತ ಮಾತ್ರ ವುಲ್ಫ್‌ಗಾಂಗ್ ಜೆಲ್ಲರ್‌ನದು, ‘ಯೂದ್ ಸ್ಯೂಸ್’ಗೆ ಸಂಗೀತ ಕೊಟ್ಟ ಅದೇ ಮನುಷ್ಯ. ಬರ್ಲಿನ್‌ನ ಯುದ್ಧ ಗೆದ್ದ ದೇಶಗಳು ಹಂಚಿಕೊಂಡಿದ್ದ ನಾಲ್ಕೂ ವಲಯಗಳಲ್ಲಿ ಅದು ಏಕಕಾಲಕ್ಕೆ ತೆರೆ ಕಂಡಿತು. ಹ್ಯಾಂಬರ್ಗ್‌ನಲ್ಲಿ ಅದನ್ನು ನೋಡಲು ಫೈಟ್ ಹಾರ್ಲಾನ್ ಮತ್ತು ಕ್ರಿಸ್ಟಿನಾ ಸೋಡರ್‌ಬೌಮ್ ಬಂದಾಗ, ಅವರನ್ನು ಚಿತ್ರಮಂದಿರದಿಂದ ಹೊರಗೆ ಕಳುಹಿಸಲಾಯಿತು.